ಅಂಗಳ ಸರಿಪಡಿಸಿದ ಮೇಲೆ ಮನೆ ಮಾರಿದ ನನ್ನ ಅನುಭವ

ಉಡುಪಿ ಸಮೀಪದ ಪರ್ಕಳದಲ್ಲಿದ್ದ ತಂದೆಯವರ ಹಂಚಿನ ಮನೆಯನ್ನು ಮಾರಲು ಹೊರಟಾಗ, ಬೆಲೆಯನ್ನು ನಿರ್ಧರಿಸುವುದು 12 ಸೆಂಟ್ಸ್ ಜಾಗ ಮತ್ತು ಹತ್ತಿರದ ಮಣಿಪಾಲ ಎಂದೇ ನಾನು ನಂಬಿದ್ದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೋಡಲು ಬಂದ ನಾಲ್ಕು ಕುಟುಂಬಗಳಲ್ಲಿ ಮೂರು ಒಳಕೋಣೆಗಳನ್ನು ಪೂರ್ತಿ ನೋಡದೆಯೇ ಮರಳಿದವು. ನಾಲ್ಕನೆಯವರು ಹೇಳಿದ ಬೆಲೆ ನಮ್ಮ ನಿರೀಕ್ಷೆಗಿಂತ ಆರು ಲಕ್ಷ ಕಡಿಮೆಯಿತ್ತು. ಕಾರಣ ಕೇಳಿದಾಗ ಅವರಲ್ಲಿ ಹಿರಿಯರೊಬ್ಬರು ಪಾಚಿಗಟ್ಟಿದ ಗೋಡೆಯ ಬುಡವನ್ನು ತೋರಿಸಿ, "ನೀರು ಇಲ್ಲೇ ನಿಲ್ಲುತ್ತದಲ್ಲ ಮಾರಾಯ್ರೇ, ಇನ್ನು ಒಳಗೆ ನೋಡಿ ಏನು ಮಾಡುವುದು?" ಎಂದರು.

ಆ ನೀರು ನಿಲ್ಲುವಂತೆ ಮಾಡಿದವನು ನಾನೇ. ಮುಂಭಾಗದಲ್ಲಿ ಹಸಿರು ಹಾಸಿದರೆ ಮನೆಗೆ ಕಳೆ ಬರುತ್ತದೆ ಎಂಬ ಸಲಹೆಯಂತೆ ಹಿಂದಿನ ಬೇಸಗೆಯಲ್ಲಿ ಅಂಗಳಕ್ಕೆ ಮಣ್ಣು ಏರಿಸಿ ಮೆಕ್ಸಿಕನ್ ಹುಲ್ಲು ಹಾಕಿಸಿದ್ದೆ. ಇದರಿಂದ ಅಂಗಳದ ಇಳಿಜಾರು ಗೋಡೆಯ ಕಡೆಗೆ ತಿರುಗಿತು. ಜೂನ್‌ನಲ್ಲಿ ಮಾಡಿನಿಂದ, ಅಂದರೆ ಚಾವಣಿಯಿಂದ, ಸುರಿದ ನೀರು ಸಾಲಾಗಿ ಗುಂಡಿ ತೋಡಿತು; ಉಳಿದ ಹುಲ್ಲು ಜುಲೈಯಲ್ಲಿ ಕೊಳೆಯಿತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬಿದ್ದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಏಪ್ರಿಲ್ ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ನಮ್ಮ ಊರಿನಲ್ಲಿ ಹುಲ್ಲುಹಾಸಿಗೆ ಹಣ ಹಾಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ದೀಪಾವಳಿ ಕಳೆದ ಮೇಲೆ ಕೆಲಸ ಆರಂಭಿಸಿದೆ. ಏರಿಸಿದ ಮಣ್ಣನ್ನೆಲ್ಲ ತೆಗೆಸಿ, ಗೋಡೆಯಿಂದ ಹತ್ತು ಅಡಿ ದೂರಕ್ಕೆ ಆರು ಇಂಚು ತಗ್ಗುವಂತೆ ಅಂಗಳವನ್ನು ಹದಗೊಳಿಸಿದೆವು. ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದಂಬೆ ಕಟ್ಟಿಸಿ, ಆ ನೀರನ್ನು ಪೈಪಿನ ಮೂಲಕ ಬಾವಿಯಿಂದ ಇಪ್ಪತ್ತು ಅಡಿ ಆಚೆ ತೋಡಿದ ಇಂಗುಗುಂಡಿಗೆ ಬಿಟ್ಟೆವು. ಗುಂಡಿಗೆ ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕಿಂತ ಮೇಲೆ ಮರಳು ತುಂಬಿಸಿದೆವು. ಸಾವಿರ ಚದರ ಅಡಿಯ ಮಾಡಿನ ಮೇಲೆ ಒಂದು ವರ್ಷದಲ್ಲಿ ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ ಎಂದು ಲೆಕ್ಕ ಹಾಕಿದಾಗ, ಅಷ್ಟನ್ನೂ ಗೋಡೆಯ ಬುಡಕ್ಕೆ ಸುರಿಯಲು ಬಿಟ್ಟಿದ್ದೆನಲ್ಲ ಎಂದು ಬಹಳ ಬೇಸರವಾಯಿತು. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸುವಂತೆ ಹಲವರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ. ಕಾರಿನ ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಕಲ್ಲು ಹಾಸಿ, ಉಳಿದ ಕಡೆ ನೀರು ಇಂಗಲು ನೆಲವನ್ನು ಹಾಗೆಯೇ ಬಿಟ್ಟೆ.

ಗಿಡಗಳ ವಿಷಯದಲ್ಲಿ ಹೊಸದಾಗಿ ಕೊಂಡದ್ದು ಕಡಿಮೆ. ಪಾಗಾರದ ಬಿರುಕಿನಲ್ಲಿ ಹುಟ್ಟಿದ್ದ ಅಶ್ವತ್ಥದ ಸಸಿಯನ್ನು ಬೇರುಸಹಿತ ತೆಗೆಸಿದೆ. ಮಾಡಿಗೆ ಬಾಗಿದ್ದ ಹಲಸಿನ ಕೊಂಬೆಗಳನ್ನು ಮಾತ್ರ ಸವರಿಸಿದೆ. ಮರವನ್ನೇ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಗಮನಿಸಬೇಕಾಗುತ್ತದೆ, ಆ ನೆರಳನ್ನು ಕಳೆದುಕೊಳ್ಳಲು ನನಗೆ ಮನಸ್ಸೂ ಇರಲಿಲ್ಲ. ಕಾರು ನಿಲ್ಲಿಸುವ ಜಾಗದ ಮೇಲಿನ ತೆಂಗಿನ ಒಣ ಮಡಲು ಮತ್ತು ಕಾಯಿಗಳನ್ನು ಇಳಿಸಿದೆವು. ಗೇಟಿನಿಂದ ತುಳಸಿಕಟ್ಟೆಯವರೆಗೆ ಕೇಪುಳ ಮತ್ತು ದಾಸವಾಳ, ಜಗಲಿಯ ಪಕ್ಕದಲ್ಲಿ ಒಂದು ಸಾಲು ಅಬ್ಬಲಿಗೆ ನೆಟ್ಟೆ. ಅಡುಗೆಮನೆಯ ಹಿಂದಿನ ಬಸಳೆ ಚಪ್ಪರವನ್ನು ಕಿತ್ತುಹಾಕಲು ಬ್ರೋಕರ್ ಹೇಳಿದ್ದರು. ಅದನ್ನು ಹೊಸ ಕಂಬ ಕೊಟ್ಟು ಉಳಿಸಿಕೊಂಡೆ.

ಒಟ್ಟು ಖರ್ಚು 1,15,000 ರೂಪಾಯಿ. ಜೂನ್ ಎರಡನೆಯ ವಾರ ಬಿರುಸು ಮಳೆಯಲ್ಲಿಯೇ ಕುಂದಾಪುರ ಕಡೆಯ ದಂಪತಿ ಬಂದರು. ಆ ಅಮ್ಮ ಒಳಗೆ ಹೋಗುವ ಮೊದಲು ಜಗಲಿಯಲ್ಲಿ ನಿಂತು, ಕೆಂಪು ನೀರು ಅಂಗಳದಿಂದ ಚರಂಡಿಗೆ ಹರಿದು ಹೋಗುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೊಡೆ ಹಿಡಿದು ಬಾವಿಗೆ ಇಣುಕಿ, ಹಿತ್ತಿಲಿಗೆ ಹೋಗಿ ಬಸಳೆಯ ಕುಡಿ ಮುಟ್ಟಿ ನೋಡಿದರು. ಮಾತುಕತೆ ಮುಗಿದಾಗ ಹಿಂದಿನವರು ಹೇಳಿದ್ದಕ್ಕಿಂತ ಐದು ಲಕ್ಷ ಹೆಚ್ಚು ಸಿಕ್ಕಿತು. ಆ ಎಂಟು ತಿಂಗಳಲ್ಲಿ ಜಾಗದ ದರವೂ ಸ್ವಲ್ಪ ಏರಿದ್ದುದರಿಂದ ಅಷ್ಟೂ ಅಂಗಳದಿಂದಲೇ ಬಂತೆಂದು ಹೇಳಲಾರೆ. ಆದರೆ ಗೋಡೆಯ ತೇವದ ಹೆಸರಿನಲ್ಲಿ ಅವರು ಒಂದು ರೂಪಾಯಿಯನ್ನೂ ಇಳಿಸಲು ಕೇಳಲಿಲ್ಲ. ನೋಂದಣಿಯ ದಿನ ಅವರು ಕೇಳಿಕೊಂಡದ್ದು ಒಂದೇ: ನೆಲದಡಿಯ ಪೈಪು ಎಲ್ಲೆಲ್ಲಿ ಹೋಗುತ್ತದೆ, ಇಂಗುಗುಂಡಿಯ ಮರಳನ್ನು ಯಾವಾಗ ತೆಗೆದು ತೊಳೆಯಬೇಕು ಎಂಬುದನ್ನು ಬರೆದುಕೊಡಿ ಎಂದು. ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ನಕ್ಷೆ ಬರೆದು, ಪ್ರತಿ ಮೇ ತಿಂಗಳು ಎಂದು ಕೆಳಗೆ ನಮೂದಿಸಿ ಬೀಗದ ಕೈಯೊಂದಿಗೆ ಕೊಟ್ಟೆ.