35 ಹೇಗೆ ಬಂತು?

ಮೂರನೇ ತರಗತಿಗೆ ದಶಕಸಹಿತ ವ್ಯವಕಲನ, ಅಂದರೆ ಹತ್ತರ ಮನೆಯಿಂದ ಬಿಡಿಸಿ ತಂದು ಕಳೆಯುವುದನ್ನು, ಹೇಳಿಕೊಡುತ್ತಿದ್ದೆ. 52ರಲ್ಲಿ 27 ಕಳೆಯಿರಿ ಎಂದರೆ ಅರ್ಧಕ್ಕರ್ಧ ಮಕ್ಕಳ ಸ್ಲೇಟಿನಲ್ಲಿ 35. ಅದೇ ಲೆಕ್ಕವನ್ನು ಅದೇ ಮಾತಿನಲ್ಲಿ, ಇನ್ನಷ್ಟು ಜೋರಾಗಿ ಮತ್ತೊಮ್ಮೆ ಹೇಳಿದೆ. ಮರುದಿನವೂ 35. ಆ ಹೊತ್ತಿಗೆ ನಾನು ಎರಡು ಗಣಿತ ತರಬೇತಿ ಮುಗಿಸಿದ್ದೆ. ಕಡ್ಡಿಕಟ್ಟುಗಳ ಚಟುವಟಿಕೆ ನನ್ನ ಕೈಪಿಡಿಯಲ್ಲೇ ಇತ್ತು. ಗೊತ್ತಿದ್ದ ವಿದ್ಯೆ ಬೇಕಾದಾಗ ಕೈಗೆ ಬರಲಿಲ್ಲ, ಅಷ್ಟೆ.

ಪಕ್ಕದ ತರಗತಿಯ ಸಹೋದ್ಯೋಗಿಯನ್ನು ನನ್ನ ತರಗತಿಯ ಹಿಂಬದಿಯಲ್ಲಿ ಒಂದು ಪಿರಿಯಡ್ ಕೂತು ನೋಡಿ ಎಂದು ಕರೆದೆ. ಪಾಠ ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "35 ಹೇಗೆ ಬಂತು ಅಂತ ನೀವು ಯಾರನ್ನೂ ಕೇಳಲಿಲ್ಲ."

ಮರುದಿನ ಒಬ್ಬ ಹುಡುಗಿಯನ್ನು ಕೇಳಿದೆ. "ಎರಡರಲ್ಲಿ ಏಳು ಹೋಗಲ್ಲ ಟೀಚರ್, ಅದಕ್ಕೆ ಏಳರಲ್ಲಿ ಎರಡು ಕಳೆದೆ. ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಿ." ಹೌದು, ಹಿಂದಿನ ವರ್ಷ ನಾನೇ ಹೇಳಿದ್ದೆ. ಅವಳ ಮುಂದೆ ಹತ್ತು ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, 27 ಕೊಡು ಎಂದೆ. ಎರಡು ಕಟ್ಟು ಕೊಟ್ಟಳು. ಏಳು ಬಿಡಿ ಬೇಕು, ಇರುವುದು ಎರಡು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ತಾನಾಗಿಯೇ ಒಂದು ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚಿದಳು.

ಆ "ಸ್ವಲ್ಪ ಹೊತ್ತು" ನಾನು ಬಾಯಿ ಹಾಕದೆ ಇದ್ದದ್ದೇ ನನಗೆ ಹೊಸದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ತರಬೇತಿಯಲ್ಲಿ ಇದನ್ನು ಕೇಳಿ ತಲೆಯಾಡಿಸಿದ್ದೆ. ಸಹೋದ್ಯೋಗಿ ಗಡಿಯಾರ ಹಿಡಿದು ಎಣಿಸಿದಾಗ ನನ್ನದು ಒಂದು ಸೆಕೆಂಡೂ ಇರಲಿಲ್ಲ. ಬೆರಳಿನಿಂದ ಸೀಮೆಸುಣ್ಣವನ್ನು ಮೂರು ಸಲ ತಟ್ಟಿಕೊಂಡು ಕಾಯುವುದನ್ನು ರೂಢಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಅಂದಿನಿಂದ ಪಾಠಯೋಜನೆಯ ಬಲಬದಿ ಖಾಲಿ ಬಿಡುತ್ತೇನೆ. ಸಂಜೆ ಅಲ್ಲಿ ಎರಡು ಸಾಲು: ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು. ನಾಳೆಯ ಪಾಠ ಬದಲಾಗುವುದು ಅಲ್ಲಿಂದಲೇ. ಜಪಾನಿನ ಶಿಕ್ಷಕರು ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಮುಖ್ಯವಾಗಿ ಗಮನಿಸುವುದು ಮಕ್ಕಳು ಹೇಗೆ ಯೋಚಿಸುತ್ತಿದ್ದಾರೆ ಎಂಬುದನ್ನು. ನಾವಿಬ್ಬರೂ ಹಾಗೆಯೇ ಮಾಡಿದೆವು. ಹಾಗಾಗಿ ನೋಡಿಸಿಕೊಳ್ಳುವ ಭಯ ಬೇಗ ಹೋಯಿತು.

ಭಯ ಇದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಹಿಂದೊಮ್ಮೆ ಪರಿಶೀಲನೆಗೆ ಬಂದವರು, ಯೋಜನೆಯಲ್ಲಿ ಬರೆದದ್ದೊಂದು, ಮಾಡುತ್ತಿರುವುದೊಂದು ಎಂದು ಮಕ್ಕಳೆದುರೇ ಗದರಿದರು. ಆ ದಿನ ಮಕ್ಕಳಿಗೆ ಹಿಂದಿನ ಪಾಠವೇ ಅರ್ಥವಾಗಿರಲಿಲ್ಲ, ಅದಕ್ಕೇ ಹಿಂದಕ್ಕೆ ಹೋಗಿದ್ದೆ. ಆಮೇಲೆ ಎಷ್ಟೋ ವಾರ, ತರಗತಿ ಹೇಗಿದ್ದರೂ ಬರೆದದ್ದನ್ನು ಬರೆದ ಹಾಗೆ ಒಪ್ಪಿಸಿದೆ. ಎಂಥ ತರಬೇತಿಯೂ ಆ ವಾರಗಳಲ್ಲಿ ನನ್ನ ನೆರವಿಗೆ ಬರಲಿಲ್ಲ.

2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗಲೂ ನಮ್ಮಲ್ಲಿ ಬೇಗ ಹೊಂದಿಕೊಂಡವರು "ನನಗೆ ಬರಲ್ಲ, ತೋರಿಸಿ" ಎಂದು ಕೇಳುವ ಅಭ್ಯಾಸ ಮೊದಲಿನಿಂದಲೂ ಇದ್ದವರೇ. ನನ್ನನ್ನು ಕೇಳಿದರೆ, ತರಬೇತಿ ಕೊಡುವವರು ನಮ್ಮನ್ನು ಸಭಾಂಗಣದಲ್ಲಿ ಮೂರು ದಿನ ಕೂರಿಸುವ ಬದಲು ಒಂದೇ ದಿನ ಹೇಳಿಕೊಡಲಿ, ಉಳಿದೆರಡು ದಿನ ನಮ್ಮ ತರಗತಿಗೇ ಬಂದು ಕೂರಲಿ.

ಈಗ ನನ್ನ ತರಗತಿಯಲ್ಲಿ ಮುನ್ನೂರ ನಾಲ್ಕು ಎಂದರೆ 3004 ಎಂದು ಬರೆಯುವ ಹುಡುಗನಿದ್ದಾನೆ. ಕಿವಿಗೆ ಬಿದ್ದ ಹಾಗೆಯೇ ಬರೆಯುತ್ತಿದ್ದಾನೆ ಅನಿಸುತ್ತದೆ, ಇನ್ನೂ ಕೇಳಿ ನೋಡಿಲ್ಲ. ಸೋಮವಾರ ಎರಡನೇ ಪಿರಿಯಡ್‌ನಲ್ಲಿ ಸಹೋದ್ಯೋಗಿ ಅವನ ಪಕ್ಕದಲ್ಲಿ ಕೂರಲು ಒಪ್ಪಿದ್ದಾರೆ.