ಮುಖ ದುಂಡಗಾಗುತ್ತದೆ ಎಂದು ಮೊದಲೇ ಹೇಳಬೇಕಿತ್ತು

ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ, ಇದ್ದ ಇಪ್ಪತ್ತನಾಲ್ಕರ ಆ ಹುಡುಗಿಯನ್ನು ಎರಡನೆಯ ಸಲ ನಮ್ಮ ವಾರ್ಡಿಗೆ ಕರೆತಂದಾಗ ರಕ್ತದೊತ್ತಡ 84/50, ಸಕ್ಕರೆ 58, ಎರಡೂ ತೀರಾ ಕಡಿಮೆ. ಮೂರು ದಿನಗಳಿಂದ ವಾಂತಿ. ಅವಳ ಚೀಲದಲ್ಲಿದ್ದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳನ್ನು ಎಣಿಸಿದೆ. ಇರಬೇಕಾದುದಕ್ಕಿಂತ ಬಹಳ ಹೆಚ್ಚು ಉಳಿದಿದ್ದವು.

"ಯಾವಾಗ ಬಿಟ್ಟೆ?"

"ಹತ್ತು ದಿನವಾಯಿತು ಸಿಸ್ಟರ್. ಮುಖ ಊದಿಕೊಂಡಿತು. ಹುಡುಗನ ಕಡೆಯವರು ನೋಡಲು ಬರುವವರಿದ್ದರು."

ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾವೇ ತಯಾರಿಸುವ ಕೆಲಸವನ್ನು ಮರೆಯುತ್ತವೆ. ಆಗ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವೈದ್ಯರು ಹೇಳಿದಂತೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ 100 ಮಿ.ಗ್ರಾಂ ಕೊಟ್ಟು ಡ್ರಿಪ್ ಹಾಕಿದೆವು. ಸಂಜೆಗೆ ಎದ್ದು ಕುಳಿತು ಗಂಜಿ ಕುಡಿದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮೊದಲ ಸಲ ಮನೆಗೆ ಕಳುಹಿಸುವಾಗ ಔಷಧಿ ಚೀಟಿ ಓದಿ ಹೇಳಿದವಳು ನಾನೇ. "ಒಂದು ದಿನವೂ ತಪ್ಪಿಸಬೇಡ" ಎಂದಿದ್ದೆ. ಮುಖ ದುಂಡಗಾಗುತ್ತದೆ ಎಂದು ಹೇಳಿರಲಿಲ್ಲ.

ಅವಳ ಕಾಯಿಲೆ ಗೊತ್ತಾದದ್ದೇ ತಡವಾಗಿ. ಮಲೆನಾಡಿನ ಅಡಿಕೆ ತೋಟದ ಮನೆಯವಳು. ಜ್ವರ, ಮೈಕೈ ನೋವು ಎಂದರೆ ಈ ಕಡೆ ಮೊದಲು ನೆನಪಾಗುವುದು ಉಣುಗು, ಮಂಗನ ಕಾಯಿಲೆ. ಅವಳ ಅಣ್ಣ ಮೊಬೈಲಿನಲ್ಲಿ ಓದಿಕೊಂಡು ಬಂದು, ಇದು ಅಮೆರಿಕದ ಲೈಮ್ ಕಾಯಿಲೆ ಇರಬಹುದೇ ಎಂದೂ ಕೇಳಿದ್ದ. ತಪ್ಪು ಪ್ರಶ್ನೆಯೇನಲ್ಲ, ಅದೂ ಉಣುಗಿನಿಂದ ಬರುವುದೇ, ಕೀಲು ನೋವು ಅದರಲ್ಲೂ ಉಂಟು. ಆದರೆ ಲೈಮ್‌ನ ಕೆಂಪು ಸಾಮಾನ್ಯವಾಗಿ ಉಣುಗು ಕಚ್ಚಿದ ಜಾಗದಿಂದ ಹರಡುತ್ತಾ ಹೋಗುತ್ತದೆ. ಇವಳದು ಮೂಗಿನ ಮೇಲೆ ಚಿಟ್ಟೆ ಕುಳಿತು ಎರಡೂ ಕೆನ್ನೆಗಳಿಗೆ ರೆಕ್ಕೆ ಚಾಚಿದಂತಿತ್ತು, ಲೂಪಸ್‌ನಲ್ಲಿ ಕಾಣುವ ಹಾಗೆ. ಬಿಸಿಲಲ್ಲಿ ಅಂಗಳದಲ್ಲಿ ಅಡಿಕೆ ಹರವಿ ಬಂದ ದಿನ ಇನ್ನಷ್ಟು ಕೆರಳುತ್ತಿತ್ತು.

ಲೂಪಸ್ ಮೂತ್ರಪಿಂಡಕ್ಕೂ ತಗಲಿ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದುದರಿಂದ ಆ ಮೊದಲ ಸಲ ಸೈಕ್ಲೋಫಾಸ್ಫಮೈಡ್ ಎಂಬ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಶುರುವಾಯಿತು. ಅದು ಮೂತ್ರಕೋಶದಲ್ಲಿ ನಿಂತರೆ ಒಳಪದರವನ್ನು ಸುಡುತ್ತದೆ, ರಕ್ತವೂ ಬರಬಹುದು. ಹಾಗಾಗಿ ಅವಳಿಗೆ ಚೆನ್ನಾಗಿ ನೀರು ಕುಡಿಸಿ ಮೇಲಿಂದ ಮೇಲೆ ಮೂತ್ರಕ್ಕೆ ಕಳುಹಿಸಬೇಕಿತ್ತು. ಅವಳೋ ಗುಟುಕು ಗುಟುಕೇ ಕುಡಿಯುತ್ತಿದ್ದಳು. ಶೌಚಾಲಯ ವಾರ್ಡಿನ ಆ ತುದಿಯಲ್ಲಿ. ರಾತ್ರಿ ಒಬ್ಬಳೇ ಹೋಗಲು ಅಂಜಿಕೆ. ನಮ್ಮ ಹೆಣ್ಣುಮಕ್ಕಳು ಪ್ರಯಾಣದಲ್ಲಿ, ಮದುವೆ ಮನೆಯಲ್ಲಿ ನೀರು ಬಿಡುವುದು ಇದೇ ಕಾರಣಕ್ಕಲ್ಲವೇ? ಮಂಚವನ್ನು ಶೌಚಾಲಯದ ಬಾಗಿಲ ಹತ್ತಿರಕ್ಕೆ ಹಾಕಿಸಿದೆ. ರಾತ್ರಿ ಎರಡಕ್ಕೂ ಐದಕ್ಕೂ ನಾನೇ ಎಬ್ಬಿಸಿದೆ. ಆಮೇಲೆ ನೀರಿನ ತಕರಾರು ಬರಲಿಲ್ಲ.

ಈ ಬಾರಿ ಬಿಡುಗಡೆಯ ದಿನ ಅಮ್ಮನನ್ನೂ ಜೊತೆಗೆ ಕೂರಿಸಿಕೊಂಡೆ. ಮುಖ ಊದುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಕೆಡಬಹುದು ಎಂದು ಬಿಡಿಸಿ ಹೇಳಿದೆ. ಮಾತ್ರೆಯನ್ನು ಬೆಳಗಿನ ತಿಂಡಿಯ ಮೇಲೆ ತೆಗೆದುಕೊಳ್ಳಬೇಕು. ಮೂತ್ರದಲ್ಲಿ ನೊರೆ ಕಂಡರೆ, ಕಾಲು ಊದಿದರೆ, ಜ್ವರ ಬಂದರೆ ಕಾಯದೆ ಬರಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರಂತೂ ಅದೇ ದಿನ ಬರಬೇಕು. ಅಮ್ಮ ಎರಡು ಸಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹುಡುಗಿ ಕೇಳಿದ್ದು ಒಂದೇ: "ಮುಖ ಯಾವಾಗ ಮೊದಲಿನಂತಾಗುತ್ತದೆ ಸಿಸ್ಟರ್?"

"ವೈದ್ಯರು ಮಾತ್ರೆ ಇಳಿಸುತ್ತಾ ಹೋದಂತೆ. ತಿಂಗಳುಗಳೇ ಬೇಕು" ಎಂದೆ. ಅವಳು ಕನ್ನಡಿ ಚೀಲಕ್ಕೆ ಹಾಕಿಕೊಂಡು, ಮಾತ್ರೆಗಳನ್ನು ಅದರ ಮೇಲೆ ಇಟ್ಟುಕೊಂಡಳು.