ಸಕ್ಕರೆ ಕಾಯಿಲೆಯ ಕಣ್ಣಿಗೆ ಲೇಸರ್: ಅಲುಗದೆ ಕೂರುವುದು, ಬಿಡದೆ ಮುಗಿಸುವುದು

‘ಪಕ್ಕದ ಮನೆಯವರು ಪೊರೆ ತೆಗೆಸಿಕೊಂಡು ಬಂದು ಮರುದಿನವೇ ಪೇಪರ್ ಓದಿದರು. ನನಗೆ ಲೇಸರ್ ಮಾಡಿ ವಾರವಾಯಿತು, ಏನೂ ಫರಕಿಲ್ಲ.’ ರೆಟಿನಾ (ಕಣ್ಣಿನ ಹಿಂಬದಿಯ, ನೋಟ ಹಿಡಿಯುವ ಪದರ) ವಿಭಾಗದ ಹೊರಗಿನ ಬೆಂಚಿನಲ್ಲಿ ಈ ಮಾತು ಸದಾ ಕಿವಿಗೆ ಬೀಳುತ್ತದೆ. ಹೀಗೆಂದವರಲ್ಲಿ ಹಲವರು ಎರಡನೇ ಸಿಟ್ಟಿಂಗಿಗೆ ಬರುವುದಿಲ್ಲ. ಬಂದರೂ ಕಣ್ಣೊಳಗೆ ರಕ್ತ ಸೋರಿದ ಮೇಲೆ.

ಈ ಲೇಸರ್ ಮಾಡುವುದು ದೃಷ್ಟಿ ಹೆಚ್ಚಿಸಲು ಅಲ್ಲ, ಇರುವುದನ್ನು ಉಳಿಸಿಕೊಳ್ಳಲು. ಸಕ್ಕರೆಯಿಂದ ರೆಟಿನಾದ ಸಣ್ಣ ರಕ್ತನಾಳಗಳು ಮುಚ್ಚಿಹೋದಾಗ ಆಮ್ಲಜನಕ ಸಿಗದೆ ಹೊಸ ನಾಳಗಳು ಹುಟ್ಟುತ್ತವೆ. ಅವು ಬಡಕಲು, ಒಡೆದು ರಕ್ತ ಸೋರುತ್ತವೆ, ಮುಂದೆ ರೆಟಿನಾವನ್ನೇ ಎಳೆದು ಕೀಳುತ್ತವೆ. ರೆಟಿನಾದ ಅಂಚಿನ ಭಾಗವನ್ನು ಚುಕ್ಕೆ ಚುಕ್ಕೆಯಾಗಿ ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗಿ, ಆ ನಾಳಗಳು ಮುದುಡುತ್ತವೆ. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಹೀಗೆ ಮಾಡಿದವರಲ್ಲಿ ತೀವ್ರ ದೃಷ್ಟಿನಷ್ಟ ಸುಮಾರು ಅರ್ಧಕ್ಕೆ ಇಳಿದಿತ್ತು. ಓದಲು ಬೇಕಾದ ನಡುಭಾಗ ಊದಿಕೊಂಡಿದ್ದರೆ ಮಾತು ಬೇರೆ. ಅದಕ್ಕೆ ಈಗ ಹೆಚ್ಚಾಗಿ ಮೊದಲು ಕೊಡುವುದು ಕಣ್ಣಿನೊಳಗಿನ ಇಂಜೆಕ್ಷನ್.

1. ಹೊರಡುವ ಮುನ್ನ
ವೈದ್ಯರು ಬೇಡವೆಂದಿರದಿದ್ದರೆ ತಿಂಡಿ ತಿನ್ನಿ, ಶುಗರ್, ಬಿ.ಪಿ. ಮಾತ್ರೆ ಎಂದಿನಂತೆ ನುಂಗಿ. ಆಪರೇಷನ್ ಎಂದುಕೊಂಡು ಹಸಿದು ಬಂದು, ಬೆಂಚಿನ ಮೇಲೆಯೇ ಶುಗರ್ ಇಳಿಸಿಕೊಳ್ಳುವವರಿದ್ದಾರೆ. ಸ್ಕೂಟರ್ ಮನೆಯಲ್ಲಿರಲಿ, ಜೊತೆಗೊಬ್ಬರು ಇರಲಿ.

2. ಹನಿ ಹಾಕಿದ ಮೇಲೆ
ಪಾಪೆ ಅಗಲವಾಗಲು ಅರ್ಧ ಗಂಟೆ. ಕಣ್ಣು ಮುಚ್ಚಿ ಕೂರಿ, ಮೊಬೈಲ್ ಒಳಗಿಡಿ.

3. ಯಂತ್ರದ ಮುಂದೆ
ಕೆಡುವುದು ಇಲ್ಲೇ. ಮೊದಲು ಸ್ಟೂಲಿನ ಎತ್ತರ ನೋಡಿಕೊಳ್ಳಿ. ಗದ್ದ ಊರಿದಾಗ ಹಣೆ ತಾನಾಗಿಯೇ ಮೇಲಿನ ಪಟ್ಟಿಗೆ ತಾಗಬೇಕು. ಕುತ್ತಿಗೆ ಚಾಚಿ ಕೂತರೆ ಐದು ನಿಮಿಷಕ್ಕೆ ನೋವು ಶುರುವಾಗಿ ಹಣೆ ಹಿಂದಕ್ಕೆ ಜಾರುತ್ತದೆ, ವೈದ್ಯರ ಫೋಕಸ್ ತಪ್ಪುತ್ತದೆ. ಸಂಕೋಚ ಬಿಟ್ಟು ಸ್ಟೂಲು ಏರಿಸಲು, ಇಳಿಸಲು ಹೇಳಿ. ಹಿಡಿಕೆಯಿದ್ದರೆ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.

ಮರಗಟ್ಟಿಸುವ ಹನಿ ಬಿಟ್ಟು, ಜೆಲ್ ಹಚ್ಚಿದ ಲೆನ್ಸನ್ನು ಕಣ್ಣಿಗಿಡುತ್ತಾರೆ. ರೆಪ್ಪೆ ಮುಚ್ಚದಂತೆ ಅದೇ ತಡೆಯುತ್ತದೆ, ನೀವು ಹೆಣಗಬೇಕಿಲ್ಲ. ಉಸಿರು ಬಿಗಿಹಿಡಿಯಬೇಡಿ. ಇನ್ನೊಂದು ಕಣ್ಣು ತೋರಿಸಿದ ದೀಪದ ಮೇಲಿರಲಿ. ‘ಮೇಲೆ ನೋಡಿ’ ಎಂದರೆ ಕಣ್ಣುಗುಡ್ಡೆ ಮಾತ್ರ ಹೊರಳಬೇಕು, ಗದ್ದ ಏಳಬಾರದು.

ಇನ್ನೊಂದು ಚಾಳಿಯಿದೆ. ‘ನೋವಾಗ್ತಿದೆಯಾ ಅಜ್ಜಾ?’ ಎಂದು ಡಾಕ್ಟರು ಕೇಳಿದರೆ ಅಜ್ಜ ತಲೆಯಾಡಿಸಿ ಹೂಂಗುಟ್ಟುತ್ತಾರೆ. ಬಾಯಲ್ಲಿ ಹೇಳಿ, ತಲೆ ಆಡಿಸಬೇಡಿ. ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ದಿಕ್ಕಿನಲ್ಲಿ ನರ ಹಾಯುವುದರಿಂದ ಅಲ್ಲಿ ಬಿದ್ದ ಚುಕ್ಕೆ ಚುರ್ರೆನ್ನುತ್ತದೆ. ತಲೆ ಹಿಂದಕ್ಕೆಳೆಯದೆ ‘ನೋವು’ ಎಂದರೆ ಸಾಕು, ವೈದ್ಯರು ಲೇಸರ್ ಬಿಡುವ ಪೆಡಲ್‌ನಿಂದ ಕಾಲೆತ್ತುತ್ತಾರೆ. ಶಕ್ತಿ ತಗ್ಗಿಸಬಹುದು, ತೀರಾ ಆಗದಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಉಂಟು. ವಾಡಿಕೆಯ ಕ್ರಮದಲ್ಲಿ ಒಂದು ಕಣ್ಣಿಗೆ ಸುಮಾರು 1,200ರಿಂದ 1,600 ಚುಕ್ಕೆ ಬೇಕಾಗುತ್ತವೆ. ಅದಕ್ಕೇ ಎರಡು ಮೂರು ಸಿಟ್ಟಿಂಗ್. ‘ಎಲ್ಲ ಒಂದೇ ದಿನ ಮುಗಿಸಿಬಿಡಿ’ ಎಂದು ದುಂಬಾಲು ಬೀಳಬೇಡಿ. ಒಂದೇ ಸಲಕ್ಕೆ ಹೆಚ್ಚು ಸುಟ್ಟಷ್ಟೂ ನಡುಭಾಗ ಊದುವ ಸಂಭವ ಹೆಚ್ಚು.

4. ಮನೆಗೆ ಬಂದ ಮೇಲೆ
ಒಂದೆರಡು ದಿನ ಮಬ್ಬು, ಸ್ವಲ್ಪ ತಲೆನೋವು ಇರಬಹುದು. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ. ಸ್ನಾನ, ಟಿ.ವಿ., ಊಟಕ್ಕೆ ಪಥ್ಯವಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಲೇಸರ್ ಬೇಡ, ಈ ಹನಿ ಸಾಕು’ ಬಾಟಲಿಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಕಣ್ಣಿಗೆ ಜೇನುತುಪ್ಪ ಬಿಡುವುದೂ ಬೇಡ.

5. ಮುಂದಿನ ಸಿಟ್ಟಿಂಗ್
ತಾರೀಖನ್ನು ಬಾಯಿಮಾತಿಗೆ ಬಿಡದೆ ಚೀಟಿಯಲ್ಲಿ ಬರೆಸಿಕೊಂಡು ಕ್ಯಾಲೆಂಡರಿಗೆ ಸಿಕ್ಕಿಸಿ. ಚೆನ್ನಾಗಿ ಕಾಣುತ್ತಿದೆ ಎಂಬುದು ತಪ್ಪಿಸಿಕೊಳ್ಳಲು ಕಾರಣವಲ್ಲ. ಕಾಯಿಲೆ ಬಹಳ ಮುಂದುವರಿದವರಿಗೂ ಚೆನ್ನಾಗಿ ಕಾಣುತ್ತಿರಬಹುದು. ಎಲ್ಲ ಮುಗಿದ ಮೇಲೆ ಕತ್ತಲಲ್ಲಿ ನೋಟ ಕೊಂಚ ಮಂಕಾಗಬಹುದು, ಬದಿಯ ನೋಟ ಕುಗ್ಗಬಹುದು. ರಾತ್ರಿ ಗಾಡಿ ಓಡಿಸುವವರು ಇದನ್ನು ವೈದ್ಯರ ಬಳಿ ಮೊದಲೇ ಮಾತಾಡಿಕೊಳ್ಳಿ. ಕಣ್ಣ ಮುಂದೆ ಒಮ್ಮೆಲೇ ಕಪ್ಪು ಚುಕ್ಕೆ, ಜೇಡರ ಬಲೆ ತೇಲಿದರೆ ಅಥವಾ ಪರದೆ ಎಳೆದಂತಾದರೆ ಬರೆಸಿಕೊಂಡ ತಾರೀಖಿಗೆ ಕಾಯಬೇಡಿ, ಅಂದೇ ಹೋಗಿ.